ಎಲ್ಲರೂ ಇಳಿಸೋಕೆ ನೋಡಿದ ಲೀಡರ್: ಕ್ಲೆಮೆಂಟ್ ಅಟ್ಲಿ

ಹತ್ತನೇ ಕ್ಲಾಸಿನಲ್ಲಿ ನಾವೆಲ್ಲ ಈ ಹೆಸರನ್ನ ಒಂದು ಮಾರ್ಕಿಗೋಸ್ಕರ ಬಾಯಿಪಾಠ ಮಾಡಿದ್ದೀವಿ. ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿ ಯಾರು? ಕ್ಲೆಮೆಂಟ್ ಅಟ್ಲಿ. ಅಷ್ಟೇ. ಆಮೇಲೆ ನಾನಂತೂ ಆ ಮನುಷ್ಯನ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ.

ಮತ್ತೆ ನೆನಪಾಗಿದ್ದು ಕಳೆದ ಸೆಮ್‌ನಲ್ಲಿ. ನಮ್ಮ ಮಿನಿ ಪ್ರಾಜೆಕ್ಟ್ ಟೀಮ್‌ನಲ್ಲಿ ನಾಲ್ಕು ಜನ. ಅದರಲ್ಲಿ ಇಬ್ಬರು ನಿಜವಾಗ್ಲೂ ಬುದ್ಧಿವಂತರು, ಇಬ್ಬರಿಗೂ ಲೀಡ್ ಆಗಬೇಕು, ಒಬ್ಬರು ಆದ್ರೆ ಇನ್ನೊಬ್ಬರು ಒಪ್ಪಲ್ಲ. ಎರಡು ದಿನ ವಾಟ್ಸಾಪ್ ಗ್ರೂಪ್‌ನಲ್ಲಿ ಯುದ್ಧ ಆಯ್ತು. ಕೊನೆಗೆ ಫಾರ್ಮ್‌ನಲ್ಲಿ ನನ್ನ ಹೆಸರು ಬರೆದು ಕೊಟ್ರು. ನಾನು ಬೆಸ್ಟ್ ಅಂತ ಅಲ್ಲ, ನನ್ನಿಂದ ಯಾರಿಗೂ ತೊಂದರೆ ಇಲ್ಲ ಅಂತ. ಖುಷಿ ಪಡಬೇಕೋ ಬೇಜಾರು ಮಾಡ್ಕೋಬೇಕೋ ಗೊತ್ತಾಗಲಿಲ್ಲ. ಅದೇ ವಾರ ಲೈಬ್ರರಿಯಲ್ಲಿ ಅಟ್ಲಿ ಬಗ್ಗೆ ಓದೋಕೆ ಸಿಕ್ಕಿತು. ಹೀಗೇ ಲೀಡರ್ ಆದ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದ ಕಥೆ ಅದು. ಅದಕ್ಕೇ ನಿಮಗೂ ಹೇಳೋಣ ಅಂತ ಬರೀತಿದ್ದೀನಿ.

ಲಾಯರ್ ಮನೆಯ ಹುಡುಗ

ಅಟ್ಲಿ ಹುಟ್ಟಿದ್ದು 1883ರ ಜನವರಿ 3ರಂದು, ಲಂಡನ್ನಿನ ಪುಟ್ನಿ ಎಂಬಲ್ಲಿ. ಅಪ್ಪ ಅನುಕೂಲಸ್ಥ ವಕೀಲರು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಚಿಕ್ಕಂದಿನಿಂದ ಸಿಕ್ಕಾಪಟ್ಟೆ ನಾಚಿಕೆ ಸ್ವಭಾವ. ಹೇಲಿಬರಿ ಎಂಬ ಶಾಲೆ, ನಂತರ ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ. ಅಲ್ಲಿ ಫಸ್ಟ್ ಕ್ಲಾಸ್ ಕೂಡ ಬರಲಿಲ್ಲ, ಸೆಕೆಂಡ್ ಕ್ಲಾಸ್. 1906ರಲ್ಲಿ ಅಪ್ಪನ ಹಾಗೆ ಕಾನೂನಿನ ವೃತ್ತಿಗೆ ಸೇರಿದರು. ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ಅವರ ಜೀವನ ತಿರುಗಿದ್ದು ಈಸ್ಟ್ ಎಂಡ್‌ನಲ್ಲಿ. ಲಂಡನ್ನಿನ ಪೂರ್ವ ಭಾಗದ ಈ ಪ್ರದೇಶ ಆಗ ಬಂದರಿನ ಕೂಲಿಗಳು, ದರ್ಜಿಗಳು, ಕೆಲಸ ಇಲ್ಲದವರು ಇಕ್ಕಟ್ಟಿನ ಮನೆಗಳಲ್ಲಿ ಬದುಕುತ್ತಿದ್ದ ಜಾಗ. ಅಟ್ಲಿ ಓದಿದ ಶಾಲೆ ಅಲ್ಲಿನ ಬಡ ಹುಡುಗರಿಗಾಗಿ ಒಂದು ಕ್ಲಬ್ ನಡೆಸುತ್ತಿತ್ತು. 1905ರಲ್ಲಿ ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋದವರು ಕೊನೆಗೆ ಅದರ ಮ್ಯಾನೇಜರ್ ಆಗಿ ಅಲ್ಲೇ ಉಳಿದುಬಿಟ್ಟರು. ಬಡತನ ಸೋಮಾರಿತನದಿಂದ ಬರುತ್ತೆ ಅಂತ ಅವರ ವರ್ಗದವರು ನಂಬಿದ್ದ ಕಾಲ ಅದು. ದಿನಾ ದುಡಿದರೂ ಹೊಟ್ಟೆ ತುಂಬದ ಜನರನ್ನ ಕಣ್ಣಾರೆ ನೋಡಿದ ಮೇಲೆ ಆ ನಂಬಿಕೆ ಹೋಯಿತು. ದಾನಧರ್ಮದಿಂದ ಇದು ಸರಿಹೋಗಲ್ಲ, ಸರ್ಕಾರವೇ ಕೈಹಾಕಬೇಕು ಎನ್ನುವ ತೀರ್ಮಾನಕ್ಕೆ ಬಂದು 1908ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಸೇರಿದರು.

ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೋದರು. ಗ್ಯಾಲಿಪೋಲಿಯಲ್ಲಿ ಹೋರಾಡಿದರು, ಮೆಸಪೊಟೇಮಿಯಾದಲ್ಲಿ ಗಾಯಗೊಂಡರು, ಮೇಜರ್ ಆಗಿ ವಾಪಸ್ ಬಂದರು. ಅದೇ ಹೊತ್ತಿಗೆ ಅವರ ಅಣ್ಣ ಟಾಮ್ ಯುದ್ಧ ತಪ್ಪು ಎಂದು ಸೈನ್ಯಕ್ಕೆ ಸೇರಲು ಒಪ್ಪದೆ ಜೈಲಿಗೆ ಹೋಗಿದ್ದರು. ಒಂದೇ ಮನೆಯಲ್ಲಿ ಒಬ್ಬ ಮೇಜರ್, ಒಬ್ಬ ಕೈದಿ. 1919ರಲ್ಲಿ ಅಟ್ಲಿ ಈಸ್ಟ್ ಎಂಡ್‌ನ ಸ್ಟೆಪ್ನಿಗೆ ಮೇಯರ್ ಆದರು. 1922ರಲ್ಲಿ ವಯೊಲೆಟ್ ಅವರನ್ನ ಮದುವೆಯಾದರು, ಅದೇ ವರ್ಷ ಲೈಮ್‌ಹೌಸ್ ಕ್ಷೇತ್ರದಿಂದ ಸಂಸದರಾದರು.

ಸೈಮನ್ ಜೊತೆ ಬಂದವರು

ಸೈಮನ್ ಕಮಿಷನ್ ನಮಗೆಲ್ಲ ಗೊತ್ತು. 1928ರಲ್ಲಿ ಒಬ್ಬ ಭಾರತೀಯನೂ ಇಲ್ಲದ ಆ ಏಳು ಜನರ ಆಯೋಗ ಬಂದಾಗ ಊರೂರಲ್ಲಿ ಕಪ್ಪು ಬಾವುಟ ಹಾರಿತು, ಗೋ ಬ್ಯಾಕ್ ಅಂತ ಕೂಗಿದರು. ಲಾಹೋರಿನ ಪ್ರತಿಭಟನೆಯಲ್ಲಿ ಲಾಠಿ ಏಟು ತಿಂದ ಲಾಲಾ ಲಜಪತ ರಾಯ್ ಕೆಲವೇ ವಾರಗಳಲ್ಲಿ ತೀರಿಹೋದರು. ಆ ಏಳು ಜನರಲ್ಲಿ ಅಟ್ಲಿಯೂ ಒಬ್ಬರು! ನನಗೆ ಇದು ಗೊತ್ತೇ ಇರಲಿಲ್ಲ. ನಾವು ವಾಪಸ್ ಹೋಗು ಅಂದವರಲ್ಲೇ ಒಬ್ಬರು ಹತ್ತೊಂಬತ್ತು ವರ್ಷ ಆದಮೇಲೆ ಬ್ರಿಟಿಷರನ್ನ ವಾಪಸ್ ಕರೆಸಿಕೊಂಡರು. ಆಯೋಗದ ಕೆಲಸದಿಂದ ಭಾರತದ ಸಮಸ್ಯೆಗಳು ಅವರಿಗೆ ಬೇರೆ ಬ್ರಿಟಿಷ್ ರಾಜಕಾರಣಿಗಳಿಗಿಂತ ಚೆನ್ನಾಗಿ ಗೊತ್ತಾದವು. ಮುಂದೆ ಅದು ಕೆಲಸಕ್ಕೆ ಬಂತು.

ದೊಡ್ಡವರೆಲ್ಲ ಸೋತಾಗ

ಈಗ ರಾಜಕೀಯ ಶುರು. 1931ರಲ್ಲಿ ಲೇಬರ್ ಪಕ್ಷದ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್. ಆರ್ಥಿಕ ಕುಸಿತದ ಸಮಯ. ನಿರುದ್ಯೋಗ ಭತ್ಯೆ ಕಡಿತ ಮಾಡಬೇಕಾ ಬೇಡವಾ ಅಂತ ಸಂಪುಟ ಒಡೆಯಿತು. ಮ್ಯಾಕ್‌ಡೊನಾಲ್ಡ್ ತಮ್ಮದೇ ಪಕ್ಷ ಬಿಟ್ಟು ವಿರೋಧ ಪಕ್ಷದವರ ಜೊತೆ ಸೇರಿ ಸರ್ಕಾರ ಮಾಡಿದರು. ನಮ್ಮ ಕಡೆಯ ಪೇಪರ್ ಓದೋರಿಗೆ ಇದು ಹೊಸದೇನಲ್ಲ ಬಿಡಿ. ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ ಪಕ್ಷ ನೆಲಕಚ್ಚಿತು. ಸುಮಾರು 50 ಸಂಸದರು ಮಾತ್ರ ಉಳಿದರು. ಘಟಾನುಘಟಿಗಳೆಲ್ಲ ಸೋತರು. ಅಟ್ಲಿ ಗೆದ್ದಿದ್ದು ಬರೀ 551 ಮತಗಳಿಂದ.

ಉಳಿದವರಲ್ಲಿ ಹಿರಿಯರಾದ ಜಾರ್ಜ್ ಲ್ಯಾನ್ಸ್‌ಬರಿ ನಾಯಕರಾದರು, ಅಟ್ಲಿ ಉಪನಾಯಕ. ಬೇರೆ ಗತಿಯೇ ಇರಲಿಲ್ಲ ಅನ್ನಬಹುದು. ಆದರೆ ಆ ನಾಲ್ಕು ವರ್ಷ ಈ ಸಣ್ಣ ಗುಂಪು ದೈತ್ಯ ಬಹುಮತದ ಎದುರು ದಿನಾ ನಿಂತು ಮಾತಾಡಬೇಕಿತ್ತು. ವಿಷಯ ಯಾವುದೇ ಇರಲಿ, ಅಟ್ಲಿ ಓದಿಕೊಂಡು ಬಂದು ಮಾತಾಡುತ್ತಿದ್ದರು. ಭಾಷಣ ನೀರಸ. ಆದ್ರೆ ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಂಸದರು ಇದನ್ನ ನೋಡುತ್ತಿದ್ದರು.

1935ರ ಅಕ್ಟೋಬರ್‌ನಲ್ಲಿ ಲ್ಯಾನ್ಸ್‌ಬರಿ ರಾಜೀನಾಮೆ ಕೊಟ್ಟರು. ಅವರು ಯಾವ ಯುದ್ಧವನ್ನೂ ಒಪ್ಪದ ಶಾಂತಿವಾದಿ. ಮುಸೊಲಿನಿ ಅಬಿಸೀನಿಯಾದ ಮೇಲೆ ಬೀಳುವಾಗ ಇದು ನಡೆಯಲ್ಲ ಅಂತ ಕಾರ್ಮಿಕ ಸಂಘದ ನಾಯಕ ಅರ್ನೆಸ್ಟ್ ಬೆವಿನ್ ಪಕ್ಷದ ಸಮ್ಮೇಳನದಲ್ಲೇ ಅವರನ್ನ ತರಾಟೆಗೆ ತೆಗೆದುಕೊಂಡಿದ್ದರು. ಚುನಾವಣೆ ಹತ್ತಿರ ಇದ್ದಿದ್ದರಿಂದ ಅಟ್ಲಿಯನ್ನ ತಾತ್ಕಾಲಿಕವಾಗಿ ಕೂರಿಸಿದರು. ಎಲ್ಲರೂ ಅಂದುಕೊಂಡಿದ್ದು ಇದು ಎರಡು ತಿಂಗಳ ಮಾತು ಅಂತ.

58, 44, 33

ಚುನಾವಣೆಯಲ್ಲಿ ಲೇಬರ್ 154 ಸ್ಥಾನಕ್ಕೆ ಏರಿತು. ಸೋತಿದ್ದ ದೊಡ್ಡವರು ವಾಪಸ್ ಬಂದರು. ಅವರಲ್ಲಿ ಹರ್ಬರ್ಟ್ ಮಾರಿಸನ್ ಮುಖ್ಯ. ಪೊಲೀಸ್ ಪೇದೆಯ ಮಗ, ಒಂದು ಕಣ್ಣಿಗೆ ದೃಷ್ಟಿ ಇಲ್ಲ, ಸ್ವಂತ ಶ್ರಮದಿಂದ ಮೇಲೆ ಬಂದವರು. ಲಂಡನ್ ಕೌಂಟಿ ಕೌನ್ಸಿಲ್ ಅನ್ನೋ ದೊಡ್ಡ ನಗರಾಡಳಿತವನ್ನ ನಡೆಸುತ್ತಿದ್ದರು. ಸಂಘಟನೆಯಲ್ಲಿ ಅವರನ್ನ ಮೀರಿಸುವವರಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು! ಮೂರನೆಯವರು ಆರ್ಥರ್ ಗ್ರೀನ್‌ವುಡ್.

ಆಗ ಲೇಬರ್ ನಾಯಕನನ್ನ ಸಂಸದರು ಮಾತ್ರ ಆರಿಸುತ್ತಿದ್ದರು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರು ಔಟ್, ಮತ್ತೆ ವೋಟಿಂಗ್. ಮೊದಲ ಸುತ್ತು: ಅಟ್ಲಿ 58, ಮಾರಿಸನ್ 44, ಗ್ರೀನ್‌ವುಡ್ 33. ಎರಡನೇ ಸುತ್ತು: ಅಟ್ಲಿ 88, ಮಾರಿಸನ್ 48. ಗ್ರೀನ್‌ವುಡ್‌ನ 33 ಮತಗಳಲ್ಲಿ ಮಾರಿಸನ್ ಕಡೆ ಹೆಚ್ಚಾಗಿದ್ದು ನಾಲ್ಕೇ ನಾಲ್ಕು. ಗ್ರೀನ್‌ವುಡ್ ಬೆಂಬಲಿಗರಿಗೆ ಅಟ್ಲಿ ಮೇಲೆ ಪ್ರೀತಿ ಉಕ್ಕಿತು ಅಂತಲ್ಲ, ಮಾರಿಸನ್ ಬೇಡವಾಗಿತ್ತು. ಹಾಗೇ 1931ರಿಂದ ಜೊತೆಗಿದ್ದು ಅಟ್ಲಿಯ ಕೆಲಸ ನೋಡಿದ್ದ ಸಂಸದರು ಮೊದಲ ಸುತ್ತಿನಲ್ಲೇ ಅವರ ಕೈಹಿಡಿದಿದ್ದರು. ಬೇಸರಗೊಂಡ ಮಾರಿಸನ್ ಉಪನಾಯಕನ ಸ್ಥಾನವನ್ನೂ ಬೇಡ ಅಂದರು. ಇಷ್ಟು ಸಪ್ಪೆ ಮನುಷ್ಯ ಎಷ್ಟು ದಿನ ಇರ್ತಾನೆ, ಮುಂದಿನ ಸಲ ನೋಡೋಣ ಅನ್ನೋ ಲೆಕ್ಕ. ಆ ಮುಂದಿನ ಸಲ ಬರೋಕೆ ಇಪ್ಪತ್ತು ವರ್ಷ ಹಿಡಿಯಿತು.

ಚರ್ಚಿಲ್ ಪಕ್ಕದ ಕುರ್ಚಿ

1940ರ ಮೇ ತಿಂಗಳು. ನಾರ್ವೆಯಲ್ಲಿ ಬ್ರಿಟನ್ ಹಿಟ್ಲರ್ ಎದುರು ಎಡವಿತ್ತು. ಪ್ರಧಾನಿ ಚೇಂಬರ್ಲೇನ್ ವಿರುದ್ಧ ಲೇಬರ್ ಪಕ್ಷ ಸದನದಲ್ಲಿ ಮತ ವಿಭಜನೆ ಕೇಳಿತು. ಚೇಂಬರ್ಲೇನ್ 281ಕ್ಕೆ 200ರಿಂದ ಗೆದ್ದರು, ಆದರೆ ಅವರದೇ ಪಕ್ಷದವರು ಕೈಕೊಟ್ಟಿದ್ದರಿಂದ ಅದು ಸೋಲಿನ ಹಾಗೇ ಆಯಿತು. ಎಲ್ಲ ಪಕ್ಷಗಳ ಸರ್ಕಾರ ಮಾಡೋಣ, ನನ್ನ ಕೆಳಗೆ ಬರ್ತೀರಾ ಅಂತ ಅವರು ಅಟ್ಲಿಯನ್ನ ಕೇಳಿದರು. ಅಟ್ಲಿ ಪಕ್ಷವನ್ನ ಕೇಳಿ ಹೇಳ್ತೀನಿ ಅಂದರು. ಬೋರ್ನ್‌ಮತ್‌ನಲ್ಲಿ ಸೇರಿದ್ದ ಪಕ್ಷದ ಕಾರ್ಯಕಾರಿಣಿಯನ್ನ ಕೇಳಿ, ಮೇ 10ರಂದು ಫೋನಿನಲ್ಲಿ ಉತ್ತರ ಕೊಟ್ಟರು: ಸರ್ಕಾರಕ್ಕೆ ಬರ್ತೀವಿ, ನಿಮ್ಮ ಕೆಳಗೆ ಮಾತ್ರ ಬರಲ್ಲ. ಅವತ್ತು ಸಂಜೆ ಚರ್ಚಿಲ್ ಪ್ರಧಾನಿಯಾದರು.

ಮುಂದಿನ ಐದು ವರ್ಷ ಚರ್ಚಿಲ್ ಯುದ್ಧ ನೋಡಿಕೊಂಡರು. ಅಟ್ಲಿ ಸಮಿತಿಗಳನ್ನ, ದೇಶದೊಳಗಿನ ದಿನನಿತ್ಯದ ಆಡಳಿತವನ್ನ ನೋಡಿಕೊಂಡರು. 1942ರಲ್ಲಿ ಉಪಪ್ರಧಾನಿ ಎಂಬ ಹೆಸರೂ ಬಂತು. ಯುದ್ಧ ಸಂಪುಟದಲ್ಲಿ ಶುರುವಿನಿಂದ ಕೊನೆತನಕ ಇದ್ದವರು ಇಬ್ಬರೇ, ಚರ್ಚಿಲ್ ಮತ್ತು ಅಟ್ಲಿ. ಚರ್ಚಿಲ್ ಭಾಷಣ ಇಡೀ ಜಗತ್ತಿಗೆ ಕೇಳಿಸಿತು. ಅಟ್ಲಿಯ ಫೈಲುಗಳನ್ನ ಯಾರು ನೋಡ್ತಾರೆ?

ಅರಮನೆಗೆ ಮೊದಲು ಯಾರು?

1945ರ ಚುನಾವಣೆ ಹೊತ್ತಿಗೆ ಪಕ್ಷದ ಅಧ್ಯಕ್ಷ ಹೆರಾಲ್ಡ್ ಲಾಸ್ಕಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಹೆಸರಾಂತ ಪ್ರೊಫೆಸರ್. ನೀವು ನಾಯಕರಾಗಿದ್ದರೆ ನಾವು ಗೆಲ್ಲಲ್ಲ, ಬಿಟ್ಟುಕೊಡಿ ಅಂತ ಅಟ್ಲಿಗೆ ಉದ್ದದ ಪತ್ರ ಬರೆದರು. ಪತ್ರ ತಲುಪಿದೆ, ವಿಷಯ ಗಮನಕ್ಕೆ ಬಂದಿದೆ ಎನ್ನುವ ಅರ್ಥದ ಒಂದೆರಡು ಸಾಲಿನ ಉತ್ತರ ಹೋಯಿತು. ಗ್ರೂಪ್‌ನಲ್ಲಿ ಉದ್ದುದ್ದ ಮೆಸೇಜ್ ಹಾಕೋರಿಗೆ ಥಂಬ್ಸ್ ಅಪ್ ಒತ್ತಿದ ಹಾಗೆ!

ಜುಲೈ 5ಕ್ಕೆ ಮತದಾನ. ಹೊರದೇಶದಲ್ಲಿದ್ದ ಸೈನಿಕರ ಮತಗಳು ಬರಬೇಕಿದ್ದರಿಂದ ಫಲಿತಾಂಶ ಜುಲೈ 26ಕ್ಕೆ. ಲೇಬರ್‌ಗೆ 393 ಸ್ಥಾನ, ಹಿಂದೆಂದೂ ಕಾಣದ ಗೆಲುವು. ಅವತ್ತೇ ಮಧ್ಯಾಹ್ನ ಪಕ್ಷದ ಕಚೇರಿಯಲ್ಲಿ ಮಾರಿಸನ್ ತಕರಾರು ತೆಗೆದರು. ಹೊಸ ಸಂಸದರು ಬಂದಿದ್ದಾರೆ, ಮೊದಲು ಅವರು ನಾಯಕನನ್ನ ಆರಿಸಲಿ, ಆಮೇಲೆ ಅರಮನೆಗೆ ಹೋಗಿ ಅಂತ. ಕೇಳೋಕೆ ನ್ಯಾಯವಾಗೇ ಇತ್ತು. ಮಾರಿಸನ್ ಒಂದು ಫೋನ್ ಬಂತು ಅಂತ ಆಚೆ ಹೋದರು. ಆ ಗ್ಯಾಪ್‌ನಲ್ಲಿ ಬೆವಿನ್ ಅಟ್ಲಿಗೆ ಹೇಳಿದ್ದು, ತಡಮಾಡಬೇಡಿ, ಈಗಲೇ ಅರಮನೆಗೆ ಹೋಗಿ ಅಂತ. ಬ್ರಿಟನ್ನಿನಲ್ಲಿ ರಾಜ ಯಾರನ್ನ ಕರೆದು ಸರ್ಕಾರ ಮಾಡು ಅನ್ನುತ್ತಾನೋ ಅವರೇ ಪ್ರಧಾನಿ. ಒಮ್ಮೆ ಅದಾದರೆ ಮುಗೀತು. ಹೆಂಡತಿ ವಯೊಲೆಟ್ ತಮ್ಮ ಸಣ್ಣ ಕಾರಿನಲ್ಲಿ ಡ್ರೈವ್ ಮಾಡಿಕೊಂಡು ಅವರನ್ನ ಅರಮನೆಗೆ ಬಿಟ್ಟರು, ಕಾರಿನಲ್ಲೇ ಕಾದರು. ಅಟ್ಲಿ ಪ್ರಧಾನಿಯಾಗಿ ಹೊರಗೆ ಬಂದರು.

ಇಲ್ಲಿ ಬೆವಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಂಟು ವರ್ಷಕ್ಕೆ ತಾಯಿಯನ್ನ ಕಳೆದುಕೊಂಡು, ಬ್ರಿಸ್ಟಲ್‌ನಲ್ಲಿ ಗಾಡಿ ಹೊಡೆದು, ದೇಶದ ಅತಿ ದೊಡ್ಡ ಕಾರ್ಮಿಕ ಸಂಘ ಕಟ್ಟಿದ ಭಾರೀ ಆಳು. ಅವರಿಗೆ ಮಾರಿಸನ್ ಕಂಡರೆ ಆಗುತ್ತಿರಲಿಲ್ಲ. ಅಟ್ಲಿಯನ್ನ ಮಾತ್ರ ನಂಬಿದರು. ಅಟ್ಲಿ ಅವರನ್ನ ಮೊದಲು ಹಣಕಾಸಿಗೆ ಹಾಕೋಣ ಅಂದುಕೊಂಡು ಕೊನೆಗೆ ವಿದೇಶಾಂಗಕ್ಕೆ ಕಳಿಸಿದರು. ದೇಶದೊಳಗಿನ ಕೆಲಸ ಮಾರಿಸನ್ ಕೈಯಲ್ಲಿತ್ತು. ಇಬ್ಬರೂ ಒಂದೇ ಕಡೆ ಇದ್ದರೆ ದಿನಾ ಜಗಳ ಅನ್ನೋದು ಈ ಬದಲಾವಣೆಗೆ ಒಂದು ಕಾರಣ. ಹಣಕಾಸು ಹ್ಯೂ ಡಾಲ್ಟನ್‌ಗೆ ಹೋಯಿತು. ವ್ಯಾಪಾರ ಖಾತೆ ಸ್ಟಾಫರ್ಡ್ ಕ್ರಿಪ್ಸ್‌ಗೆ, ಅದೇ ನಮ್ಮ 1942ರ ಕ್ರಿಪ್ಸ್ ಮಿಷನ್‌ನವರು. ಆರೋಗ್ಯ ಅನ್ಯೂರಿನ್ ಬೆವನ್‌ಗೆ. ಗಮನಿಸಿ, ಬೆವಿನ್ ಬೇರೆ, ಬೆವನ್ ಬೇರೆ. ಕೋಡ್‌ನಲ್ಲಿ ಒಂದೇ ಥರ ಹೆಸರಿನ ಎರಡು ವೇರಿಯಬಲ್ ಇಟ್ಟ ಹಾಗಿದೆ, ನಾನೂ ಮೂರು ಸಲ ಕನ್‌ಫ್ಯೂಸ್ ಆದೆ.

ಆಗಸ್ಟ್ 1947, ಸೆಪ್ಟೆಂಬರ್ 1947

ಅಟ್ಲಿ 1947ರ ಫೆಬ್ರವರಿ 20ರಂದು ಸದನದಲ್ಲಿ ಘೋಷಿಸಿದರು: 1948ರ ಜೂನ್ ಒಳಗೆ ಭಾರತದಲ್ಲಿ ಅಧಿಕಾರ ಬಿಟ್ಟುಕೊಡುತ್ತೇವೆ. ದಿನಾಂಕ ಹಾಕದಿದ್ದರೆ ಮಾತುಕತೆ ಮುಗಿಯೋದೇ ಇಲ್ಲ ಅನ್ನೋದು ಅವರ ಯೋಚನೆ. ಚರ್ಚಿಲ್ ಕೆಂಡಾಮಂಡಲವಾದರು. ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಆ ಡೆಡ್‌ಲೈನನ್ನ ಇನ್ನೂ ಹತ್ತು ತಿಂಗಳು ಹಿಂದಕ್ಕೆ ಎಳೆದರು. ಗಡಿ ಗೆರೆ ಎಳೆಯೋಕೆ ರ‍್ಯಾಡ್‌ಕ್ಲಿಫ್‌ಗೆ ಸಿಕ್ಕಿದ್ದು ಬರೀ ಐದು ವಾರ. ಸ್ವಾತಂತ್ರ್ಯ ಬಂತು, ಜೊತೆಗೆ ಲಕ್ಷಾಂತರ ಹೆಣಗಳು ಬಿದ್ದವು, ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಬಿಟ್ಟು ಹೋಗುವ ನಿರ್ಧಾರ ಸರಿ. ಆದರೆ ಆ ಆತುರದ ಬೆಲೆ ಕೊಟ್ಟವರು ಲಂಡನ್ನಿನವರಲ್ಲ, ಪಂಜಾಬ್ ಮತ್ತು ಬಂಗಾಳದ ಜನ. ಅಟ್ಲಿಯನ್ನ ಹೊಗಳುವಾಗ ಇದನ್ನ ಮರೆಯೋಕಾಗಲ್ಲ.

ಇದೇ ಹೊತ್ತಿಗೆ ಬ್ರಿಟನ್ ಕೂಡ ದಿವಾಳಿ ಅಂಚಿನಲ್ಲಿತ್ತು. ಆ ವರ್ಷದ ಚಳಿಗಾಲದಲ್ಲಿ ಕಲ್ಲಿದ್ದಲು ಸಾಲದೆ ಕರೆಂಟ್ ಕಟ್, ಫ್ಯಾಕ್ಟರಿ ಬಂದ್. ಅಮೆರಿಕದ ಸಾಲದ ಷರತ್ತಿನಂತೆ ಜುಲೈ 15ರಿಂದ ಪೌಂಡ್ ಕೊಟ್ಟವರಿಗೆಲ್ಲ ಡಾಲರ್ ಕೊಡಬೇಕಾಯಿತು. ಡಾಲರ್ ಹೇಗೆ ಸೋರಿತು ಅಂದ್ರೆ ಐದೇ ವಾರದಲ್ಲಿ ನಿಲ್ಲಿಸಬೇಕಾಯಿತು. ಪ್ರಧಾನಿ ಬದಲಾಗಬೇಕು ಅನ್ನೋ ಗುಸುಗುಸು ಶುರು.

ಪ್ಲಾನ್ ಮಾಡಿದವರು ಕ್ರಿಪ್ಸ್. ತಾನು, ಡಾಲ್ಟನ್, ಮಾರಿಸನ್ ಮೂವರೂ ಹೋಗಿ ಅಟ್ಲಿಯನ್ನ ಇಳಿಯೋಕೆ ಹೇಳೋದು, ಬೆವಿನ್‌ರನ್ನ ಪ್ರಧಾನಿ ಮಾಡೋದು. ಅಟ್ಲಿ ಹೋಗಬೇಕು ಅನ್ನೋದಕ್ಕೆ ಮಾರಿಸನ್ ತಯಾರು, ಆದ್ರೆ ಬೆವಿನ್ ಬರೋದು ಬೇಡ, ತಾನೇ ಆಗಬೇಕು. ಡಾಲ್ಟನ್ ಹಿಂದೇಟು ಹಾಕಿದರು. ಸೆಪ್ಟೆಂಬರ್ 9ರಂದು ಕ್ರಿಪ್ಸ್ ಒಬ್ಬರೇ ಅಟ್ಲಿ ಹತ್ತಿರ ಹೋದರು. ನೀವು ಬಿಡಬೇಕು, ಬೆವಿನ್ ಬರಬೇಕು ಅಂತ ಮುಖದ ಮೇಲೇ ಹೇಳಿದರು. ಅಟ್ಲಿ ಕೂಗಾಡಲಿಲ್ಲ. ಫೋನ್ ಎತ್ತಿ ಬೆವಿನ್‌ಗೆ ಮಾಡಿದರು. ನಿಮಗೆ ನನ್ನ ಕೆಲಸ ಬೇಕಂತೆ, ಹೌದಾ ಅಂತ ಕೇಳಿದರು. ಬೆವಿನ್ ಬೇಡ ಅಂದರು. ಅಟ್ಲಿ ಫೋನ್ ಇಟ್ಟರು. ಆಮೇಲೆ ಎದುರಿಗೆ ಕೂತಿದ್ದ ಕ್ರಿಪ್ಸ್‌ಗೆ ಒಂದು ಕೆಲಸ ಕೊಟ್ಟರು. ದೇಶದ ಆರ್ಥಿಕ ಯೋಜನೆಗೆ ಒಬ್ಬ ಗಟ್ಟಿ ಮಂತ್ರಿ ಬೇಕು ಅಂತ ಕ್ರಿಪ್ಸ್ ವಾದ ತಾನೇ? ಆ ಮಂತ್ರಿ ನೀವೇ ಆಗಿ. ಇಳಿಸೋಕೆ ಬಂದವರು ಹೊಸ ಖಾತೆ ತಗೊಂಡು ವಾಪಸ್ ಹೋದರು.

ಇದನ್ನ ಬರೀ ಚಾಣಾಕ್ಷತನ ಅನ್ನಬಹುದು. ನನಗೆ ಬೇರೆ ಕಾಣುತ್ತೆ. ಕ್ರಿಪ್ಸ್ ದ್ರೋಹಿ ಅಂತ ಅಟ್ಲಿ ಲೆಕ್ಕ ಹಾಕಲಿಲ್ಲ. ಅವರು ಹೇಳಿದ್ದರಲ್ಲಿ ಯಾವುದು ಸರಿ ಅಂತ ನೋಡಿದರು. ಎರಡು ತಿಂಗಳಾದ ಮೇಲೆ ಡಾಲ್ಟನ್ ಬಜೆಟ್ ಮಂಡಿಸೋಕೆ ಹೋಗುತ್ತಾ ದಾರಿಯಲ್ಲಿ ಒಬ್ಬ ಪತ್ರಕರ್ತನಿಗೆ ವಿಷಯ ಬಾಯಿಬಿಟ್ಟು ರಾಜೀನಾಮೆ ಕೊಡಬೇಕಾದಾಗ, ಹಣಕಾಸು ಖಾತೆ ಕೂಡ ಕ್ರಿಪ್ಸ್‌ಗೇ ಹೋಯಿತು.

ಇಂಥ ಜಗಳಗಳ ಮಧ್ಯೆಯೇ ಕೆಲಸ ಆಯಿತು ಅನ್ನೋದು ಆಶ್ಚರ್ಯ. ಕಲ್ಲಿದ್ದಲು ಗಣಿ, ರೈಲ್ವೆ ಸರ್ಕಾರದ ಕೈಗೆ ಬಂದವು. 1948ರ ಜುಲೈ 5ರಂದು ಬೆವನ್ ಕಟ್ಟಿದ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಬಡವ ಬಲ್ಲಿದ ಯಾರೇ ಆಗಲಿ ಡಾಕ್ಟರ್ ಹತ್ತಿರ ದುಡ್ಡಿಲ್ಲದೆ ಹೋಗಬಹುದು. ಈಸ್ಟ್ ಎಂಡ್‌ನ ಕ್ಲಬ್‌ನಲ್ಲಿ ಹುಡುಗನೊಬ್ಬ ಅಂದುಕೊಂಡಿದ್ದು ನಲವತ್ತು ವರ್ಷದ ಮೇಲೆ ಕಾನೂನಾಯಿತು.

ಮನುಷ್ಯ ಮಾತ್ರ ಹಾಗೇ ಇದ್ದರು. ಪೈಪ್ ಸೇದುತ್ತಾ ಟೈಮ್ಸ್ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಪ್ರಧಾನಿ ಕಚೇರಿಗೆ ಸುದ್ದಿ ಟೆಲಿಪ್ರಿಂಟರ್ ಬೇಡ ಅಂದವರು, ಕ್ರಿಕೆಟ್ ಸ್ಕೋರ್ ಬರುತ್ತೆ ಅಂತ ಗೊತ್ತಾದ ಮೇಲೆ ಒಪ್ಪಿಕೊಂಡರಂತೆ. ಖಾಲಿ ಟ್ಯಾಕ್ಸಿಯಿಂದ ಅಟ್ಲಿ ಇಳಿದರು ಅನ್ನೋ ಜೋಕ್ ಚರ್ಚಿಲ್ ಹೆಸರಲ್ಲಿ ಓಡಾಡುತ್ತೆ. ಚರ್ಚಿಲ್ ಅದು ತನ್ನದಲ್ಲ ಅಂತ ಸಿಟ್ಟಾಗಿದ್ದರು. ಐದು ವರ್ಷ ಪಕ್ಕದಲ್ಲಿ ಕೂತವರಿಗೆ ಟ್ಯಾಕ್ಸಿ ಖಾಲಿಯಲ್ಲ ಅಂತ ಗೊತ್ತಿತ್ತು.

ಇಳಿಯೋದು ಯಾವಾಗ?

1950ರಲ್ಲಿ ಮತ್ತೆ ಗೆದ್ದರು, ಆದರೆ ಬರೀ ಐದು ಸ್ಥಾನಗಳ ಬಹುಮತ. ಕ್ರಿಪ್ಸ್ ಕಾಯಿಲೆ ಬಿದ್ದು ಬಿಟ್ಟರು. 1951ರ ಏಪ್ರಿಲ್‌ನಲ್ಲಿ ಬೆವಿನ್ ತೀರಿಕೊಂಡರು. ಅದೇ ತಿಂಗಳು ಹೊಸ ಹಣಕಾಸು ಸಚಿವ ಹ್ಯೂ ಗೇಟ್‌ಸ್ಕೆಲ್, ಕೊರಿಯಾ ಯುದ್ಧದ ಖರ್ಚಿಗಾಗಿ ಕೃತಕ ಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಿದರು. ಉಚಿತ ಅಂದಮೇಲೆ ಉಚಿತ ಅಂತ ಬೆವನ್ ರಾಜೀನಾಮೆ ಎಸೆದರು. ಇಂಥ ಜಗಳ ಬಿಡಿಸೋದೇ ಅಟ್ಲಿಯ ಕೆಲಸ, ಆದರೆ ಆ ಹೊತ್ತಿಗೆ ಅವರು ಹುಣ್ಣಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದರು. ಅಕ್ಟೋಬರ್‌ನಲ್ಲಿ ಚುನಾವಣೆ. ಲೇಬರ್‌ಗೆ ಸುಮಾರು 1 ಕೋಟಿ 39 ಲಕ್ಷ ಮತ, ಕನ್ಸರ್ವೇಟಿವ್‌ಗೆ 1 ಕೋಟಿ 37 ಲಕ್ಷ. ಸ್ಥಾನ ಮಾತ್ರ 295ಕ್ಕೆ 321. ಹೆಚ್ಚು ವೋಟು ತಗೊಂಡು ಸೋತರು.

ಆಗಲೇ ಬಿಡಬೇಕಿತ್ತು ಅಂತ ನನಗನ್ನಿಸುತ್ತೆ. ಬಿಡಲಿಲ್ಲ. ಮುಂದಿನ ನಾಲ್ಕು ವರ್ಷ ಪಕ್ಷ ಬೆವನ್ ಬಣ, ಗೇಟ್‌ಸ್ಕೆಲ್ ಬಣ ಅಂತ ಕಿತ್ತಾಡಿತು. ಅಟ್ಲಿ ಮಧ್ಯದಲ್ಲಿ ಕೂತೇ ಇದ್ದರು. ಮಾರಿಸನ್‌ಗೆ ವಯಸ್ಸಾಗಲಿ ಅಂತಲೇ ಕಾದರು ಅಂತ ಹಲವರು ನಂಬುತ್ತಾರೆ. 1955ರ ಮೇನಲ್ಲಿ ಇನ್ನೊಂದು ಸೋಲು, ಡಿಸೆಂಬರ್ 7ಕ್ಕೆ ರಾಜೀನಾಮೆ. ಒಂದು ವಾರದ ನಂತರ ಫಲಿತಾಂಶ: ಗೇಟ್‌ಸ್ಕೆಲ್ 157, ಬೆವನ್ 70, ಮಾರಿಸನ್ 40. ಇಪ್ಪತ್ತು ವರ್ಷ ಕಾದ ಮಾರಿಸನ್‌ಗೆ ಕೊನೆಯ ಸ್ಥಾನ. 67 ವರ್ಷದ ಆ ಮನುಷ್ಯನ ಬಗ್ಗೆ ಓದುವಾಗ, ಇಡೀ ಕಥೆಯಲ್ಲಿ ಮೊದಲ ಸಲ ಅವರ ಮೇಲೆ ಪಾಪ ಅನ್ನಿಸಿತು.

ಅಟ್ಲಿ 1967ರ ಅಕ್ಟೋಬರ್ 8ರಂದು ತೀರಿಕೊಂಡರು, 84 ವರ್ಷ. 2004ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಪ್ರಾಧ್ಯಾಪಕರನ್ನ ಕೇಳಿ ಇಪ್ಪತ್ತನೇ ಶತಮಾನದ ಪ್ರಧಾನಿಗಳಿಗೆ ರ‍್ಯಾಂಕ್ ಕೊಟ್ಟಾಗ ಮೊದಲ ಸ್ಥಾನ ಅಟ್ಲಿಗೆ, ಎರಡನೆಯದು ಚರ್ಚಿಲ್‌ಗೆ.

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರಲ್ಲ, ಅಟ್ಲಿ ಲೀಡರ್ ಆಗಿದ್ದು ಸ್ವಲ್ಪ ಹಾಗೇ. ಪ್ರತಿಸ್ಪರ್ಧಿಗಳಿಗೆ ಅಟ್ಲಿಗಿಂತ ಒಬ್ಬರಿಗೊಬ್ಬರ ಭಯವೇ ಜಾಸ್ತಿ ಇತ್ತು, ಅದಕ್ಕೇ ಉಳಿದರು. ಆದರೆ ಸಿಕ್ಕ ಕುರ್ಚಿಯಲ್ಲಿ ಏನು ಮಾಡಿದರು ಅನ್ನೋದು ಮುಖ್ಯ. ತನಗಿಂತ ಜೋರಾಗಿರುವವರಿಗೆ ಜೋರಾದ ಕೆಲಸ ಕೊಟ್ಟರು, ಅವರಿಗೆ ಹೆಸರು ಬಂದಾಗ ಹೊಟ್ಟೆಕಿಚ್ಚು ಪಡಲಿಲ್ಲ. ಅದು ಅವರ ದೊಡ್ಡತನ. ಮುಂದಿನವರಿಗೆ ಸಮಯಕ್ಕೆ ಸರಿಯಾಗಿ ಜಾಗ ಬಿಡದಿದ್ದದ್ದು ಅವರ ತಪ್ಪು.

ನಮ್ಮ ಪ್ರಾಜೆಕ್ಟ್ ಏನಾಯ್ತು ಅಂತ ಕೇಳ್ತೀರಾ? ಆ ಇಬ್ಬರಿಗೂ ಬೇರೆಬೇರೆ ಮಾಡ್ಯೂಲ್ ಕೊಟ್ಟೆ, ಒಬ್ಬರ ಫೋಲ್ಡರ್ ಇನ್ನೊಬ್ಬರು ಮುಟ್ಟಬಾರದು ಅಂತ ರೂಲ್ ಮಾಡಿದೆ. ಡೆಮೋ ದಿನ ಇಬ್ಬರೂ ಮಾತಾಡಿದರು, ನಾನು ಲ್ಯಾಪ್‌ಟಾಪ್ ಪಕ್ಕ ನಿಂತು ಸ್ಲೈಡ್ ಬದಲಾಯಿಸಿದೆ. ಮಾರ್ಕ್ಸ್ ಪರವಾಗಿಲ್ಲ. ಈ ಸೆಮ್ ಲೀಡ್ ಯಾರು ಅಂತ ಮತ್ತೆ ಮಾತು ಬಂತು, ನಾನೇ ಬೇಡ ಅಂದೆ. ಈಗ ಗ್ರೂಪ್‌ನಲ್ಲಿ ಮತ್ತೆ ಯುದ್ಧ ನಡೀತಿದೆ.